ಹೊಳೆ ನೀರು ಕುಡಿದ ಬ್ಯಾಟರಿ

ಅವರ ಬಿಳಿ ಪಂಚೆಯ ತುಂಬ ಸಣ್ಣ ಸಣ್ಣ ತೂತುಗಳು. ಹಣೆಯ ಮೇಲೆ ವಿಭೂತಿ ಅಚ್ಚುಕಟ್ಟಾಗಿರುತ್ತಿತ್ತು, ಅಂಗಿಯ ಗುಂಡಿ ಒಂದೂ ಬಿಟ್ಟಿರುತ್ತಿರಲಿಲ್ಲ, ಪಂಚೆ ಮಾತ್ರ ಜರಡಿ. ಬ್ಯಾಟರಿಯ ಆಸಿಡ್ ಸಿಡಿದು ಆದ ತೂತುಗಳವು. ಯಾರಾದರೂ "ಏನ್ರಿ ಸಾವ್ಕಾರ್ರೆ, ಪಂಚೆ ಇಲಿ ತಿಂದಾವೇನು?" ಎಂದು ಕೆಣಕಿದರೆ, "ಮೀನು ಹಿಡಿಯೋರ ಸಹವಾಸ ಮಾಡೀನಿ, ಮೈಮೇಲೆ ಒಂದು ಬಲೆ ಇರಬ್ಯಾಡೇನು?" ಅನ್ನುತ್ತಿದ್ದರು.

ಮಕ್ಕಳೇ, ದೇವರ ಗೂಡಿನ ಪಕ್ಕದಲ್ಲಿ ರಬ್ಬರ್ ಬುರುಡೆಯ ಗಾಜಿನ ಕೊಳವೆ ಯಾಕಿದೆ ಎಂದು ನೀವು ಕೇಳುತ್ತಲೇ ಇರುತ್ತೀರಿ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ಸಾರಥಿ ಊರಿನ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇವೆ, ಬರೆಯುತ್ತೇನೆ.

ಅದನ್ನು ಕೊಟ್ಟವರು ಆ ತೂತು ಪಂಚೆಯವರೇ, ಹರಿಹರದ ಪೇಟೆಯಲ್ಲಿದ್ದ ಬ್ಯಾಟರಿ ಅಂಗಡಿಯವರು. ಬಾತಿ ಕಡೆಯ ಒಕ್ಕಲುತನದ ಮನೆಯವರು, ದಾವಣಗೆರೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಮೀನು ತಿನ್ನುವವರಲ್ಲ. ನಮ್ಮ ದೋಣಿಯ ಬಳಿ ಬಂದರೆ, ಮೀನಿನ ಬುಟ್ಟಿಗೆ ಬೆನ್ನು ಹಾಕಿ ಕುಳಿತೇ ಬ್ಯಾಟರಿ ನೋಡುತ್ತಿದ್ದರು.

ನಿಮ್ಮ ಅಜ್ಜನ ಬಲ ಭುಜ ಹುಟ್ಟು ಹಾಕಿ ಹಾಕಿ ಸವೆದುಹೋಗಿತ್ತು. ಇನ್ನು ಹೊಳೆಗೆ ಹೋಗುವುದೇ ಇಲ್ಲವೇನೋ ಅನ್ನುವಾಗ ನಿಮ್ಮ ಅಪ್ಪ ದೋಣಿಗೆ ಕರೆಂಟಿನ ಮೋಟಾರು ತಂದು ಕೂರಿಸಿದ. ಬ್ಯಾಟರಿ ಬೇಕಿತ್ತು. ಅಜ್ಜ ಅಂಗಡಿಗೆ ಹೋಗಿ, "ಹಳೇ ಲಾರಿ ಬ್ಯಾಟ್ರಿ ಇದ್ರೆ ಕೊಡ್ರಿ, ಸಾಕು" ಅಂದರಂತೆ. ಬ್ಯಾಟರಿ ತಂದ ದಿನ ಆ ಮಾತುಕತೆಯನ್ನೆಲ್ಲ ನನ್ನೆದುರು ಆಡಿ ತೋರಿಸಿದರು.

"ಲಾರಿ ಬ್ಯಾಟ್ರಿ ಗೂಳಿ ಇದ್ದಂಗೆ. ಒಂದು ಸಲ ಜೋರಾಗಿ ಹಾಯ್ತದೆ, ಅಷ್ಟೇ. ನಿನಗೆ ಬೇಕಾಗಿರೋದು ಎತ್ತು. ಹೊತ್ತು ಮುಳುಗೋ ತನಕ ಒಂದೇ ಸಮ ಎಳೀಬೇಕು."

ಹಾಗೆಂದು ಮನೆಗಳ ಇನ್ವರ್ಟರಿಗೆ ಹಾಕುವಂಥ ದಪ್ಪ ಟ್ಯೂಬ್ಯುಲರ್ ಬ್ಯಾಟರಿ ಕೊಟ್ಟರು. ದೋಣಿಯ ನಡುವೆ ಮರದ ಪೆಟ್ಟಿಗೆ ಮಾಡಿ ಅದರಲ್ಲಿ ಇಡಿಸಿದರು.

"ಎತ್ತು ಬೀಳೋ ತನಕ ಹೊಡೀಬ್ಯಾಡ, ಅರ್ಧ ದಣಿದಾಗ್ಲೇ ನೊಗ ಇಳಿಸು. ಬಂದ ಕೂಡ್ಲೆ ಮೇವು ಹಾಕು, ಹಸಿದಂಗೆ ಮಲಗಿಸಬ್ಯಾಡ. ಚಾರ್ಜ್ ಆದ ಮೇಲೆ ಬ್ಯಾಟ್ರಿ ನೀರು ಹಾಕು. ಅಂಗಡೀಲಿ ಸಿಗೋ ಡಬ್ಬಿ ನೀರು ಬಿಟ್ಟು ಬೇರೆ ನೀರು ಹಾಕಬ್ಯಾಡ."

ಆ ವರ್ಷ ನಿಮ್ಮ ಅಜ್ಜನಿಗೆ ಹರೆಯ ಮರಳಿತ್ತು. ಬೆಳಿಗ್ಗೆ ಹೊಳೆಗೆ ಎದುರಾಗಿ ಹೋಗುತ್ತಿದ್ದರು, ಬರುವಾಗ ಹೊಳೆಯೇ ಕರೆದು ತರುತ್ತಿತ್ತು. ಸದ್ದಿಲ್ಲದ ಮೋಟಾರು. ನೀರುಕಾಗೆ ಸಹ ಏಳುವುದಿಲ್ಲ ಕಣೆ ಎಂದು ಊಟಕ್ಕೆ ಕುಳಿತಾಗಲೆಲ್ಲ ಹೇಳುತ್ತಿದ್ದರು.

ಆಮೇಲೆ ಆಯುಧಪೂಜೆ ಬಂತು. ಬಲೆ, ಹುಟ್ಟು, ಮೋಟಾರು ಎಲ್ಲ ತೊಳೆದು ಕುಂಕುಮ ಹಚ್ಚಿದರು. ಬ್ಯಾಟರಿಗೂ ಹೂವು ಇಟ್ಟು, ಮುಚ್ಚಳ ಬಿಚ್ಚಿ, ತೀರ್ಥವೆಂದು ಹೊಳೆ ನೀರು ಹಾಕಿದರು. ನಿಮ್ಮ ಅಪ್ಪ ತಡೆದ. "ತುಂಗಾ ಪಾನ, ಗಂಗಾ ಸ್ನಾನ ಅಂತಾರೆ, ನಮ್ಮ ಹೊಳೇಲಿರೋದೂ ತುಂಗೆ ನೀರೇ. ಮನುಷ್ಯರು ಕುಡಿಯೋ ನೀರಿಗಿಂತ ಡಬ್ಬಿ ನೀರು ಹೆಚ್ಚೇನು?" ಅಂದರು ಅಜ್ಜ. ಆ ದಿನ ಏನೂ ಆಗಲಿಲ್ಲ. ಅದೇ ಧೈರ್ಯದಲ್ಲಿ ಚಳಿಗಾಲವೆಲ್ಲ, ನೀರು ಇಳಿದಾಗಲೆಲ್ಲ, ಹೊಳೆ ನೀರನ್ನೇ ಬಟ್ಟೆಯಲ್ಲಿ ಸೋಸಿ ಹಾಕಿದರು.

ಬೇಸಿಗೆಯ ಹೊತ್ತಿಗೆ ಬ್ಯಾಟರಿ ಸೋತಿತು. ಒಂದು ದಿನ ನಡುಹೊಳೆಯಲ್ಲಿ ಮೋಟಾರು ನಿಂತುಹೋಗಿ, ಎದುರುಗಾಳಿಯಲ್ಲಿ ಹುಟ್ಟು ಹಾಕಿಕೊಂಡು ಬಂದರು. ರಾತ್ರಿ ತುತ್ತು ಬಾಯಿಗೆ ತರಲು ಕೈ ಮೇಲೇಳಲಿಲ್ಲ. ಮಾರನೆಯ ದಿನ ದೋಣಿ ಕಟ್ಟಿಹಾಕಿದರು. ಅಂಗಡಿಗೆ ಹೋಗಿ ಎಂದರೆ, "ಯಾವ ಮುಖ ಇಟ್ಕೊಂಡು ಹೋಗ್ಲಿ? ಅಷ್ಟು ಹೇಳಿದ್ರು" ಅನ್ನುತ್ತಿದ್ದರು. ಪೇಟೆಗೆ ಹೋಗಬೇಕಾದರೆ ಆ ಅಂಗಡಿ ತಪ್ಪಿಸಿ ಹಿಂದಿನ ಓಣಿಯಿಂದ ಹೋಗುತ್ತಿದ್ದರು. ಹೊಸದು ತರುತ್ತೇನೆ ಎಂದ ನಿಮ್ಮ ಅಪ್ಪನಿಗೂ ಬೇಡವೆಂದರು. ಬೇಸಿಗೆ ಕಳೆಯಿತು. ಮಳೆ ಬಂದು ಹೊಳೆ ಕೆಂಪಾಯಿತು, ಮತ್ತೆ ತಿಳಿಯಾಯಿತು. ಅವರು ದಂಡೆಯಲ್ಲಿ ಕುಳಿತು ಬೇರೆಯವರ ದೋಣಿ ನೋಡುತ್ತಿದ್ದರು. ಊಟ ಅರ್ಧಕ್ಕಿಳಿಯಿತು.

ಕೊನೆಗೆ ನಾನೇ ಹೋದೆ. ಒಬ್ಬಳೇ ಪೇಟೆಯ ಅಂಗಡಿ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅವರು ತಲೆ ಎತ್ತಿ, "ಏನು ತಾಯಿ, ನಿಮ್ಮ ಯಜಮಾನ್ರು ಬ್ಯಾರೆ ಅಂಗಡಿ ಹಿಡಿದ್ರಂತಲ್ಲ?" ಅಂದರು. ಮಾತಿನಲ್ಲಿ ಮುನಿಸಿತ್ತು.

"ಇಲ್ರಿ. ಬ್ಯಾಟ್ರಿಗೆ ಹೊಳೆ ನೀರು ಹಾಕಿದ್ರು. ನಾಚಿಕೆಗೆ ಬಂದಿಲ್ಲ" ಅಂದೆ. ಅಷ್ಟು ಹೇಳುವಷ್ಟರಲ್ಲಿ ಸೆರಗಿನ ತುದಿ ಹಿಂಡಿ ಹಿಂಡಿ ಕೈಬೆವರಿಗೆ ಒದ್ದೆಯಾಗಿತ್ತು.

ಬೈಯುತ್ತಾರೆಂದು ಕಾದೆ. ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. "ಹಾಕಬ್ಯಾಡ ಅಂದಿದ್ದೆ. ಯಾಕ ಅಂತ ಹೇಳ್ಲಿಲ್ಲ ನೋಡ್ರಿ ನಾನು" ಅಂದರು. ಆಮೇಲೆ, "ಬ್ಯಾರೆ ಅಂಗಡಿಗೆ ಹೋದ ಅಂದ್ಕೊಂಡು ನಾನೂ ಬಿಗುವಾಗಿದ್ದೆ" ಅಂದರು.

ಸಂಜೆ ಆಟೋದಲ್ಲಿ ಹೊಸ ಬ್ಯಾಟರಿ ಹೇರಿಕೊಂಡು ಮನೆಗೇ ಬಂದರು. ಅಜ್ಜ ಹಿತ್ತಲಿಗೆ ಹೋಗಿ ಅವಿತುಕೊಂಡರು.

"ಹೊರಗೆ ಬರ್ತೀಯೋ, ಮೀನಿನ ಬುಟ್ಟಿ ದಾಟಿ ನಾನೇ ಬರ್ಲೋ?"

ಅವರು ಪಂಚೆ ಎತ್ತಿಕೊಂಡು ಹಿತ್ತಲ ಬಾಗಿಲಲ್ಲಿದ್ದ ಬುಟ್ಟಿ ದಾಟಿಯೇಬಿಟ್ಟರು. ಅಜ್ಜನ ಎದುರು ಕಲ್ಲಿನ ಮೇಲೆ ಕುಳಿತು ಹೇಳಿದರು: "ತುಂಗೆ ನೀರು ಕೆಟ್ಟದ್ದು ಅಂತ ಅಲ್ಲೋ ಮಾರಾಯ. ಅದರಾಗೆ ಸುಣ್ಣ ಐತೆ, ಉಪ್ಪೈತೆ. ಮೀನಿಗೆ ಅದೇ ಜೀವ, ಬ್ಯಾಟ್ರಿ ಒಳಗಿನ ಸೀಸಕ್ಕೆ ಅದೇ ವಿಷ."

"ಇದನ್ನ ಅವತ್ತೇ ಹೇಳಿದ್ರೆ ಹಾಕ್ತಿದ್ನೇನ್ರಿ?" ಅಂದರು ಅಜ್ಜ.

"ಅದೇ ನಾನೂ ಅಂತಿರೋದು."

ಇಬ್ಬರೂ ನಕ್ಕರು. ನಾನು ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ. ಹೊರಡುವಾಗ ಆ ಗಾಜಿನ ಕೊಳವೆಯನ್ನು ನನಗೆ ಕೊಟ್ಟರು. ಬ್ಯಾಟರಿಯ ನೀರನ್ನು ಅದರೊಳಕ್ಕೆ ಹೀರಿದರೆ ಒಳಗಿನ ಬೆಂಡು ಮೇಲೇಳುತ್ತದೆ ಇಲ್ಲವೇ ಮುಳುಗುತ್ತದೆ. ಎದ್ದರೆ ಬಲ ಇದೆ, ಮುಳುಗಿದರೆ ಹಸಿದಿದೆ. "ನಿಮ್ಮ ಕೈ ನಡುಗಲ್ಲ ತಾಯಿ, ಮಾತೂ ಕಮ್ಮಿ. ಬ್ಯಾಟ್ರಿ ನೋಡ್ಕೊಳ್ಳೋಕೆ ಇಂಥೋರೇ ಬೇಕು" ಅಂದರು.

ಅಜ್ಜ ಮತ್ತೆ ಹೊಳೆಗಿಳಿದರು. ಆದರೆ ಆ ಒಂದೇ ಚಳಿಗಾಲ. ಮುಂದಿನ ಬೇಸಿಗೆ ಬರುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು.

ಮಣ್ಣಿಗೆ ಬಂದಿದ್ದ ಅಂಗಡಿಯವರು ನಮ್ಮ ಕಟ್ಟೆಯ ಮೇಲೆ ಕುಳಿತು, "ಆ ಬ್ಯಾಸಿಗೇಲಿ ಒಂದು ಸಲ ಬಂದು ಯಾಕ ಬರ್ಲಿಲ್ಲ ಅಂತ ಕೇಳಿದ್ರೆ ಆಗ್ತಿತ್ತು. ಇರೋ ದಿನಾನೇ ಕಮ್ಮಿ ಇದ್ವು, ಅದರಾಗೆ ಅಷ್ಟು ದಿನ ದಂಡೇಲಿ ಕೂರಿಸಿಬಿಟ್ವಿ" ಅಂದರು. ಆಮೇಲೆ ಯಾವಾಗ ಸಿಕ್ಕರೂ ಅದೇ ಮಾತು. ದಂಡೆಯ ದೋಣಿಗಳ ಬ್ಯಾಟರಿ ನೋಡುವ ಕೆಲಸವನ್ನು ನನಗೆ ಕಲಿಸಿದರು, ಬ್ಯಾಟರಿಗೆ ತಂತಿ ಕಟ್ಟುವ ಸೀಸದ ತುದಿಗಳನ್ನು ಉಜ್ಜಿ ವ್ಯಾಸಲಿನ್ ಸವರುವುದನ್ನು ತಾವೇ ಮಾಡಿ ತೋರಿಸಿದರು. ಕಲಿಸುವಾಗಲೂ, ಪ್ರತಿಯೊಂದಕ್ಕೂ ಯಾಕೆ ಎಂಬುದನ್ನು ಮೊದಲು ಹೇಳುತ್ತಿದ್ದರು.

ಹೋದ ವರ್ಷ ಅವರೂ ಹೋದರು. ಸುದ್ದಿ ನನಗೆ ತಡವಾಗಿ ತಿಳಿಯಿತು. ಅಂಗಡಿಯ ಬಾಗಿಲು ಮುಚ್ಚಿದ್ದನ್ನು ಒಂದೆರಡು ಸಲ ಕಂಡಿದ್ದೆ, ಊರಿಗೆ ಹೋಗಿರಬೇಕು ಅಂದುಕೊಂಡಿದ್ದೆ.

ಈಗ ನಿಮ್ಮ ಅಪ್ಪನ ದೋಣಿಯಲ್ಲಿ ಲಿಥಿಯಂ ಬ್ಯಾಟರಿ ಇದೆ. ಎತ್ತಲು ಹಗುರ, ನೀರು ಹಾಕುವ ಕೆಲಸವಿಲ್ಲ. ಆದರೆ ದಂಡೆಯಲ್ಲಿ ಹಳೇ ಥರದವೂ ಇನ್ನೂ ಇವೆ. ಮೊನ್ನೆ ಮೂಲೆಮನೆಯವನ ದೋಣಿ ಕೆಲವು ದಿನದಿಂದ ಕಟ್ಟಿದಲ್ಲೇ ಇರುವುದು ಕಂಡಿತು. ಯಾರಾದರೂ ಕೇಳಲಿ ಎಂದು ಕಾಯಲಿಲ್ಲ. ಕೊಳವೆ ತೆಗೆದುಕೊಂಡು ಹೋಗಿ ಬಾಗಿಲು ಬಡಿದೆ.

"ಏನಪ್ಪ, ಹೊಳೆ ನೀರು ಹಾಕಿದ್ಯೇನು?" ಅಂದೆ.

ತಲೆ ತಗ್ಗಿಸಿದ. ನಾನು ಒಳಗೆ ಹೋಗಿ ಕುಳಿತೆ.