ಅಮಾವಾಸ್ಯೆಯ ಮುನ್ನಾದಿನ ಬಾರದ ರಿಪೋರ್ಟು

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಬೇರೆ ಯಾವುದೋ ಕೆಲಸ ನೆನಪಾಗುತ್ತಿತ್ತು. ಹಿತ್ತಲ ಬಾಗಿಲ ಚಿಲಕಕ್ಕೆ ಎಣ್ಣೆ ಬಿಡುವುದು, ಕನ್ನಡಕ ಒರೆಸುವುದು, ಗುಳಿಗೆ ತರುವುದು. ಆ ಕೆಲಸಗಳೆಲ್ಲ ಮುಗಿದಿವೆ. ಚಿಲಕ ಈಗ ಸಪ್ಪಳವನ್ನೇ ಮಾಡುವುದಿಲ್ಲ. ಇನ್ನು ಹೇಳಿಬಿಡಬೇಕು.

ಹೈಸ್ಕೂಲು ಮುಗಿಸಿ ನಾನು ಇಂಡಿ ಊರಿನ ಒಂದು ಲಿಂಬೆಯ ಅಡತಿ ಅಂಗಡಿಗೆ, ಎಂದರೆ ದಲಾಲಿ ಮಂಡಿಗೆ, ಸೇರಿದೆ. ಅಲ್ಲಿಯೇ ಮುದುಕನಾದೆ. ಈಗಿನ ಸಾವ್ಕಾರರ ತಂದೆಯ ಕಾಲದಲ್ಲಿ ನನ್ನದು ಫೋನಿನ ಕೆಲಸ. ಸೋಲಾಪುರ, ಹೈದರಾಬಾದ ಪೇಟೆಗಳ ದರ ತಿಳಿಯಬೇಕೆಂದರೆ ಆಗ ಸುಲಭಕ್ಕೆ ಲೈನು ಸಿಗುತ್ತಿರಲಿಲ್ಲ. ಉಳಿದ ಅಂಗಡಿಯ ಗುಮಾಸ್ತರು ನಾಲ್ಕು ಸಲ ತಿರುಗಿಸಿ ಬೇಸತ್ತು ಚಹಾಕ್ಕೆ ಹೋಗುತ್ತಿದ್ದರು. ನಾನು ಏಳುತ್ತಿರಲಿಲ್ಲ. ತಿರುಗಿಸುವುದು, ಇಡುವುದು, ಮತ್ತೆ ತಿರುಗಿಸುವುದು. ಬೆರಳ ತುದಿ ಜಡ್ಡುಗಟ್ಟಿತ್ತು. ಆದರೆ ಪೇಟೆಯಲ್ಲಿ ದರ ಮೊದಲು ತಿಳಿಯುತ್ತಿದ್ದದ್ದು ನಮ್ಮ ಅಂಗಡಿಗೆ. "ಇವ ಬಿಡೂದಿಲ್ಲಪಾ, ಲೈನಿಗೇ ಬ್ಯಾಸರಾಗಿ ಹತ್ತತೈತಿ" ಎಂದು ಹಿರಿಯ ಸಾವ್ಕಾರರು ನಗುತ್ತಿದ್ದರು. ಆ ಮಾತನ್ನು ನಾನು ಪದಕದಂತೆ ಎದೆಗೆ ಹಚ್ಚಿಕೊಂಡು ಇಷ್ಟು ವರ್ಷ ತಿರುಗಾಡಿದೆ. ಅದೇ ಗುಣ ಮುಂದೆ ಒಬ್ಬರ ಅನ್ನ ಕಳೆಯಿತು.

ಮಗನ ಕಾಲಕ್ಕೆ ವ್ಯಾಪಾರ ಬೆಳೆಯಿತು. ಇಂಡಿಯಲ್ಲದೆ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲೂ ಖರೀದಿ ಕೇಂದ್ರಗಳಾದವು. ಕನ್ನೊಳ್ಳಿ ಹಳ್ಳಿಯ ಲಿಂಬೆಕಾಯಿ ಸಿಂದಗಿಯಲ್ಲಿ ಇಳಿಯುತ್ತಿತ್ತು, ಮಸೂತಿಯದು ಬಾಗೇವಾಡಿಯಲ್ಲಿ. ಎಷ್ಟು ಡಾಗ ಬಂತು ಎಂಬುದನ್ನು ಅಲ್ಲಲ್ಲಿಯ ಕಂಪ್ಯೂಟರಿಗೆ ಹಾಕುತ್ತಿದ್ದರು. ಡಾಗ ಎಂದರೆ ಲಿಂಬೆ ತುಂಬಿದ ಚೀಲ. ನಾಲ್ಕೂ ಊರಿನ ಲೆಕ್ಕ ಕೂಡಿ ಒಂದು ರಿಪೋರ್ಟಾಗಿ ಇಂಡಿಯ ಪರದೆಯ ಮೇಲೆ, ಕೇಂದ್ರಗಳ ಪರದೆಯ ಮೇಲೆ, ಸಾವ್ಕಾರರ ಮೊಬೈಲಿನ ಮೇಲೆ ಬರುತ್ತಿತ್ತು. ಅದನ್ನು ನೋಡಿ ಯಾವ ಗಾಡಿ ಯಾವ ಊರಿಗೆ ಹೋಗಬೇಕೆಂದು ನಾನು ಹೇಳಬೇಕು. ವಯಸ್ಸಾದ ಮೇಲೂ ನನ್ನ ಕುರ್ಚಿ ಉಳಿದದ್ದು ಆ ಒಂದು ಕೆಲಸಕ್ಕೆ.

ಆ ರಿಪೋರ್ಟು ಮಾಡಿದವರು ಮುದ್ದೇಬಿಹಾಳದ ಒಬ್ಬ ಹೆಣ್ಣುಮಗಳು. ಅವರ ಮನೆತನ ತಲೆಮಾರುಗಳಿಂದ ಆ ಊರಿನದು. ತಾಯಿಯನ್ನು ಕರೆದುಕೊಂಡು ಬಂದು ಇಂಡಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ನನಗಿಂತ ಬಹಳ ಸಣ್ಣವರು, ಆದರೂ ಅಂಗಡಿಯಲ್ಲೆಲ್ಲ ಅವರನ್ನು ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

"ನೀವು ಆಪಾ ಅಂದ್ರ ನನ್ನ ಕೂದಲಾ ಅಲ್ಲೇ ಬೆಳ್ಳಗಾಗತಾವ್ರಿ ಕಾಕಾರ" ಎನ್ನುತ್ತಿದ್ದರು ಅವರು.

ನನಗೆ ಕಂಪ್ಯೂಟರು ಕಲಿಸಿದವರೂ ಅವರೇ. ಇಲಿ ಹಿಡಿದಂತೆ ಮೌಸು ಹಿಡಿಯುತ್ತೇನೆಂದು ಹುಡುಗರು ನಗುವಾಗ ಅವರು ನಗಲಿಲ್ಲ. ರಿಪೋರ್ಟು ಹೇಗೆ ಬರುತ್ತದೆಂದು ನನಗೆ ತಿಳಿಯುವ ಹಾಗೆ ಹೇಳಿದರು: ನಿಗದಿ ಮಾಡಿದ ಹೊತ್ತಿಗೆ ಅದು ತಾನೇ ಹೊರಟು ನಾಲ್ಕೂ ಊರಿನ ಲೆಕ್ಕ ತರುತ್ತದೆ, ಇದಕ್ಕೆ ರಿಫ್ರೆಶ್ ಎನ್ನುತ್ತಾರೆ. ತರಲಿಕ್ಕೆ ಇಷ್ಟೇ ಹೊತ್ತು ಎಂಬ ಕಟ್ಟಳೆ ಇದೆ. ಅದರೊಳಗೆ ಮುಗಿಯದಿದ್ದರೆ ಟೈಮ್‌ಔಟ್ ಎಂದು ಕೈಬಿಡುತ್ತದೆ, ಪರದೆಯ ಮೇಲೆ ನಿನ್ನೆಯ ಲೆಕ್ಕವೇ ಉಳಿಯುತ್ತದೆ.

ಒಮ್ಮೆ ಅವರ ತಾಯಿಯನ್ನು ತುರ್ತಾಗಿ ವಿಜಯಪುರದ ಆಸ್ಪತ್ರೆಗೆ ಒಯ್ಯಬೇಕಾಯಿತು. ಹೋಗುವ ಮುಂಚೆ ತಮ್ಮ ಪಾಸ್‌ವರ್ಡು ಹೇಳಿ, ಕೈಯಿಂದ ರಿಫ್ರೆಶ್ ಮಾಡುವ ಗುಂಡಿ ತೋರಿಸಿದರು. "ತಾನಾಗಿ ಬರದಿದ್ರ ಒಂದs ಸಲ ಒತ್ರಿ, ಕಾಕಾರ. ಒತ್ತಿ ಸುಮ್ಮ ಕೂಡ್ರಿ."

ಅಂದು ಒಂದೇ ಸಲ ಒತ್ತಿದೆ. ಸ್ವಲ್ಪ ಹೊತ್ತಿಗೆ ಹೊಸ ಲೆಕ್ಕ ಬಂತು. ಆ ಖುಷಿ ಹೇಗೆ ಹೇಳಲಿ. ಎಷ್ಟೋ ವರ್ಷಗಳ ಮೇಲೆ ಸೋಲಾಪುರದ ಲೈನು ಹತ್ತಿದ ಹಾಗಾಯಿತು. ಆಮೇಲೆ ಅವರು ಬಂದರೂ ನಾನು ಬಿಡಲಿಲ್ಲ. ರಿಪೋರ್ಟು ಕೊಂಚ ತಡವಾದರೆ ಒತ್ತುತ್ತಿದ್ದೆ. ಬರಲಿಲ್ಲವೆಂದು ಮತ್ತೆ ಒತ್ತುತ್ತಿದ್ದೆ. ಅಷ್ಟಕ್ಕೇ ನಿಲ್ಲಲಿಲ್ಲ. ಸಿಂದಗಿಯವರು ಫೋನು ಮಾಡಿ "ಕಾಕಾರ, ನಮ್ಮ ಕಡೆ ಇನ್ನೂ ನಿನ್ನಿದ ತೋರಸಾಕತ್ತೈತ್ರಿ" ಎಂದಾಗ ದೊಡ್ಡ ಮನುಷ್ಯನಂತೆ ಪಾಸ್‌ವರ್ಡು ಹೇಳಿಕೊಟ್ಟೆ. ಮುದ್ದೇಬಿಹಾಳಕ್ಕೂ ಬಾಗೇವಾಡಿಗೂ ಹೇಳಿದೆ. "ಒತ್ತತಾ ಇರ್ರಿ, ಬಿಡಬ್ಯಾಡ್ರಿ, ಹತ್ತತೈತಿ" ಎಂದೆ. ಅವರೆಲ್ಲ ನನ್ನನ್ನು ಹೊಗಳಿದರು. ಆಪಾಗೆ ಮಾತ್ರ ಹೇಳಲಿಲ್ಲ.

ಅಮಾವಾಸ್ಯೆಯ ಮುನ್ನಾದಿನ ಲಿಂಬೆಗೆ ಜೀವ ಬರುತ್ತದೆ. ಊರೂರಿನ ಲಾರಿ, ಟೆಂಪೋ, ಆಟೋಗಳಿಗೆ ಕಟ್ಟಲಿಕ್ಕೆ ಲಿಂಬೆ ಬೇಕು, ಗಾಲಿಯ ಕೆಳಗೆ ಇಡಲಿಕ್ಕೆ ಬೇಕು, ಅಂಗಡಿಯ ಬಾಗಿಲಿಗೆ ಬೇಕು. ಹೊರಗಿನ ಪೇಟೆಗಳು ಕೇಳಿದಷ್ಟು ಕಳಿಸಬೇಕು, ಅದೂ ಮಧ್ಯಾಹ್ನದೊಳಗೆ. ಸರಿಯಾಗಿ ಆ ದಿನವೇ ರಿಪೋರ್ಟು ಬರುತ್ತಿರಲಿಲ್ಲ. ಒಂದು ಅಮಾವಾಸ್ಯೆ ಹೀಗಾಯಿತು, ಮುಂದಿನದೂ ಹೀಗೇ ಆಯಿತು. ಉಳಿದ ದಿನಗಳಲ್ಲಿ ತಡವಾದರೂ ಬರುತ್ತಿತ್ತು.

ನಮ್ಮ ತೂಕದವನು ಒಂದು ಲಿಂಬೆ, ನಾಲ್ಕು ಮೆಣಸಿನಕಾಯಿ ದಾರಕ್ಕೆ ಪೋಣಿಸಿ ತಂದ. "ಊರ ಗಾಡಿಗೆಲ್ಲಾ ನಾವ ಲಿಂಬಿ ಕೊಡ್ತೇವಿ, ನಮ್ಮ ಕಂಪ್ಯೂಟರಿಗೆ ಕಟ್ಟಿಲ್ಲ. ಅದಕ್ಕ ಸಿಟ್ಟ ಬಂದೈತ್ರಿ ಆಪಾ."

"ಕಟ್ಟು ಮಾರಾಯಾ" ಎಂದರು ಆಪಾ. "ಮೆಣಸಿನಕಾಯಿ ಅಷ್ಟ ಆ ಕಡೆ ಇರ್ಲಿ. ನನಗ ಸೀನ ಬರ್ತಾವ."

ಲಿಂಬೆ ಪರದೆಯ ಮೇಲೆ ತೂಗಾಡುತ್ತಿತ್ತು. ಆಪಾ ಅದರ ಕೆಳಗೆ ಕುಳಿತು ಹುಡುಕುತ್ತಿದ್ದರು. ಮೊದಲು ಇಂಟರ್‌ನೆಟ್ಟಿನ ತಂತಿ ಬದಲಿಸಿದರು. ಆಮೇಲೆ, ರಿಪೋರ್ಟು ಪ್ರತಿಸಲ ಹಳೆಯ ವರ್ಷಗಳ ಲೆಕ್ಕವನ್ನೂ ಹೊತ್ತು ತರುವುದೇ ಭಾರವೆಂದು, ಹೊಸ ಲೆಕ್ಕವನ್ನಷ್ಟೇ ತರುವಂತೆ ಮಾಡಿದರು. ಕೇಂದ್ರಗಳು ಹೆಚ್ಚು ಲೆಕ್ಕ ಹಾಕುವ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ರಿಫ್ರೆಶ್ ಇಟ್ಟರು. ಪ್ರತಿಯೊಂದೂ ಕೊಂಚ ಸುಧಾರಿಸಿತು. ಆದರೆ ಅಮಾವಾಸ್ಯೆ ಬಂದರೆ ಮತ್ತೆ ಅದೇ.

ಒಂದು ದಿನ ಊಟದ ಹೊತ್ತಿಗೆ ನನ್ನ ಹತ್ತಿರ ಬಂದು ಕುಳಿತರು. "ಕಾಕಾರ, ನನಗ ಒಂದು ಸಂಶಯ ಐತ್ರಿ. ಒಂದ ಬಾವಿಗೆ ಹತ್ತು ಮಂದಿ ಕೂಡೇ ಕೊಡಾ ಬಿಟ್ರ ಯಾರ ಕೊಡಾನೂ ತುಂಬೂದಿಲ್ಲ. ಹಂಗ ಯಾರೋ ಕೈಲೆ ಒತ್ತತಾರ ಅನಸ್ತೈತಿ. ಒತ್ತಿದಾಗೊಮ್ಮೆ ಹೊಸದಾಗಿ ಹೊಂಡತೈತಿ, ಮೊದಲ ಹೊಂಟಿದ್ದರ ಮುಗದಿರೂದಿಲ್ಲ. ಎಲ್ಲಾ ಕೂಡಿ ಹೊತ್ತ ಮೀರತೈತಿ. ಆ ಮೂರೂ ಊರಿನವ್ರು ನಿಮ್ಮ ಮಾತ ಕೇಳ್ತಾರ. ನೀವs ಒಂದ ಮಾತ ಕೇಳಿ ಹೇಳ್ರಿ."

ಅವರು ಹೇಳಿ ಮುಗಿಸುವ ಮುಂಚೆಯೇ ನನಗೆ ತಿಳಿಯಿತು. ಅಮಾವಾಸ್ಯೆಯ ಮುನ್ನಾದಿನ ಎಲ್ಲರಿಗೂ ಅವಸರ. ನಾಲ್ಕೂ ಊರಿನಲ್ಲಿ ಎಲ್ಲರೂ ನನ್ನ ಮಾತಿನಂತೆ ಬಿಡದೆ ಒತ್ತುವ ದಿನ ಅದೇ.

"ಕೇಳ್ತೇನಿ ಬಿಡು" ಎಂದೆ.

ಕೇಳಲಿಲ್ಲ. ಮರುದಿನ "ಯಾರೂ ಒತ್ತೂದಿಲ್ಲಂತ" ಎಂದು ಹೇಳಿದೆ. ಯಾಕೆ ಹೇಳಿದೆ ಎಂದು ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಕುರ್ಚಿ ಹೋಗುತ್ತದೆಂಬ ಹೆದರಿಕೆ ಇತ್ತು. ಹುಡುಗರ ಮುಂದೆ ಮತ್ತೆ ಇಲಿ ಹಿಡಿದವನಾಗುವುದು ಬೇಡವಾಗಿತ್ತು. ಒಳಗಿಂದೊಳಗೆ ಕೇಂದ್ರಗಳಿಗೆ ಫೋನು ಮಾಡಿ ನಿಲ್ಲಿಸಿಬಿಡಬಹುದಿತ್ತು. ಅದನ್ನೂ ಮಾಡಲಿಲ್ಲ, ಯಾಕೆಂದರೆ ಹಿಂದಿನ ವಾರವೂ ಬಿಡಬೇಡಿರಿ ಎಂದವನು ಈಗ ಬಿಡಿರಿ ಎನ್ನಬೇಕಲ್ಲ. ಇಷ್ಟು ಸಣ್ಣ ಕಾರಣ ಅದು.

ಆಪಾ ನನ್ನ ಮಾತು ನಂಬಿ ಆ ದಾರಿ ಬಿಟ್ಟು ಬೇರೆ ಕಡೆ ಹುಡುಕತೊಡಗಿದರು.

ಮುಂದಿನ ಅಮಾವಾಸ್ಯೆಯ ಮುನ್ನಾದಿನ ಈ ಸಲವಾದರೂ ಹೊಸ ಲೆಕ್ಕ ಬಂದಿದೆ ಎಂದುಕೊಂಡೆ, ಪರದೆಯ ಮೇಲಿದ್ದದ್ದು ಹಳೆಯದೆಂದು ತಿಳಿಯಲಿಲ್ಲ. ಅದನ್ನೇ ನಂಬಿ ದೊಡ್ಡ ಗಾಡಿಯನ್ನು ಸಿಂದಗಿಗೆ ಕಳಿಸಿದೆ. ಅಲ್ಲಿ ಕಾಯಿ ಇರಲಿಲ್ಲ. ಕಾಯಿ ಬಂದು ಬಿದ್ದದ್ದು ಬಾಗೇವಾಡಿಯಲ್ಲಿ. ಅಲ್ಲಿಗೆ ಗಾಡಿ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ಅಮಾವಾಸ್ಯೆ ದಾಟಿದ ಕಾಯಿಯನ್ನು ಯಾರು ಕೇಳುತ್ತಾರೆ? ಡಾಗಗಳೊಳಗೇ ಹಳದಿಯಾಗಿ ಮೆತ್ತಗಾಯಿತು.

ಸಾವ್ಕಾರರು ಇಬ್ಬರನ್ನೂ ಒಳಗೆ ಕರೆದರು. ಆಪಾ ತಮ್ಮ ಲ್ಯಾಪ್‌ಟಾಪು ತೆರೆದು, ಹಿಂದಿನ ರಾತ್ರಿಯಷ್ಟೇ ಕೈಗೆ ಸಿಕ್ಕ ದಾಖಲೆಯಲ್ಲಿ ಯಾವ ಯಾವ ರಿಫ್ರೆಶ್ ಯಾರ ಹೆಸರಿನಿಂದ ಹೊರಟಿತೆಂದು ತೋರಿಸಿದರು. ಪರದೆಯ ತುಂಬ ಕೈಯಿಂದ ಒತ್ತಿದ್ದೇ ಇತ್ತು. ಎಲ್ಲವೂ ಅವರ ಹೆಸರಿನಲ್ಲೇ ಇತ್ತು.

"ಇದು ನಿನ್ನ ಹೆಸರs ಅಲ್ಲೇನವಾ?" ಎಂದರು ಸಾವ್ಕಾರರು.

"ಹೌದ್ರಿ. ಆದ್ರ ಒತ್ತಿದಾಕಿ ನಾ ಅಲ್ರಿ."

"ಪಾಸ್‌ವರ್ಡು ಮತ್ಯಾರ ಕಡೆ ಐತಿ?"

ಆಪಾ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಆರೋಪವಿರಲಿಲ್ಲ. ಬಾವಿಗೆ ಇಳಿದವರು ಮೇಲೆ ಹಗ್ಗ ಹಿಡಿದವನನ್ನು ನೋಡುವಂತೆ ನೋಡಿದರು. "ಕಾಕಾರಿಗೆ ಒಂದ ದಿನ ಕೊಟ್ಟಿದ್ನಿ, ಅವ್ವನ ದವಾಖಾನಿಗೆ ಒಯ್ದಾಗ."

"ಅವತ್ತೊಂದ ಸಲ ಒತ್ತಿದ್ನಿರಿ" ಎಂದೆ ನಾನು. "ಆಮ್ಯಾಲ ಮುಟ್ಟಿಲ್ಲ."

"ಕಾಕಾರು ಅಂದ್ರ ಅಷ್ಟs ಖರೆ ಇರ್ತೈತ್ರಿ" ಎಂದರು ಆಪಾ. "ಮತ್ತೇನೋ ಐತಿ, ನಾ ಮಾಡಿದ್ದರಾಗs ಎಲ್ಲೋ ತಪ್ಪಾಗಿ ಅದು ತಾನs ಒತ್ತತಿರಬೇಕು. ನನಗs ಗೊತ್ತಾಗವಲ್ದು."

ಸಾವ್ಕಾರರಿಗೆ ಅಷ್ಟು ಸಾಕಾಯಿತು. ಗೊತ್ತಾಗದವರನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಅಂದೇ ಕೆಲಸ ಬಿಡಿಸಿದರು. ಆಪಾ ಹೋಗುವಾಗ ಪರದೆಗೆ ಕಟ್ಟಿದ್ದ ಒಣಗಿದ ಲಿಂಬೆಯನ್ನು ಬಿಚ್ಚಿ ತೂಕದವನ ಕೈಗೆ ಕೊಟ್ಟರು. "ಹೊಸಾದ ಕಟ್ಟಪಾ, ಇದು ಕೆಲಸಾ ಮಾಡ್ಲಿಲ್ಲ." ಅವನು ನಗಲಿಲ್ಲ.

ಅಂದೇ ನಾನು ಮೂರೂ ಊರಿಗೆ ಫೋನು ಮಾಡಿ ಇನ್ನು ಮುಂದೆ ಯಾರೂ ಒತ್ತಬಾರದೆಂದೆ. ಕೇಳಿದವರು ಹೂಂ ಎಂದರು, ಕಾರಣ ಕೇಳಲಿಲ್ಲ. ಮುಂದಿನ ಅಮಾವಾಸ್ಯೆಗೆ ರಿಪೋರ್ಟು ಸರಿಯಾದ ಹೊತ್ತಿಗೆ ಬಂತು. ಅದರ ಮುಂದಿನದಕ್ಕೂ ಬಂತು. "ನೋಡ್ರಿ, ಆಕಿ ಹ್ವಾದ ಮ್ಯಾಲ ಎಲ್ಲಾ ನೆಟ್ಟಗಾತು" ಎಂದು ಅಂಗಡಿಯಲ್ಲಿ ಎಲ್ಲರೂ ಅಂದರು. ನನ್ನ ಮೂರು ಫೋನಿನಿಂದ, ಆಪಾ ಮಾಡದ ತಪ್ಪು ಅವರದೆಂದೇ ಸಾಬೀತಾಯಿತು. ಮಾಡಬೇಕಾದ ಕೆಲಸವನ್ನು ಅವರು ಹೋದ ಮೇಲೆ ಮಾಡುವುದು, ಮೊದಲು ಮಾಡದೇ ಇದ್ದುದಕ್ಕಿಂತ ಕೆಟ್ಟದ್ದು ಎಂದು ನನಗೆ ಆಗ ತಿಳಿಯಿತು.

ಮರುವರ್ಷ ನಾಲತವಾಡದಲ್ಲಿ ಬೀಗರ ಮನೆಯ ಕಾರ್ಯಕ್ಕೆ ಹೋಗಿದ್ದೆ. ಟವೆಲು ಕೊಳ್ಳಲು ಬಟ್ಟೆ ಅಂಗಡಿಗೆ ಹೊಕ್ಕರೆ ಒಳಗೆ ಆಪಾ ಇದ್ದರು. ಅದು ಅವರ ಸೋದರಮಾವನ ಅಂಗಡಿಯಂತೆ. ಗಜಕಡ್ಡಿ ಹಿಡಿದು ಹೆಣ್ಣುಮಕ್ಕಳ ಪರಕಾರದ ಬಟ್ಟೆ ಅಳೆಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಕುರ್ಚಿ ಎಳೆದರು, ಚಹಾ ತರಿಸಿದರು. ತಾಯಿ ಆರಾಮ ಎಂದರು. ನಾನು ಟವೆಲನ್ನು ಮಡಚುತ್ತ, ಬಿಚ್ಚುತ್ತ ಕುಳಿತೆ.

"ರಿಪೋರ್ಟು ಈಗ ಬರ್ತೈತೇನ್ರಿ ಕಾಕಾರ, ಅಮಾಸಿ ಹಿಂದಿನ ದಿನಾ?"

"ಬರ್ತೈತವಾ."

ಅವರು ತಲೆಯಾಡಿಸಿದರು. "ಹಂಗಾದ್ರ ನಂದs ಎಲ್ಲೋ ತಪ್ಪಿತ್ತು. ಇನ್ನೂ ವಿಚಾರ ಮಾಡ್ತಿರ್ತೇನ್ರಿ, ಎಲ್ಲಿ ಅಂತ ಹೊಳಿಯೂದಿಲ್ಲ. ವಿಜಯಪುರದಾಗ ಒಬ್ರು ಇಂಥಾದs ಕೆಲಸಕ್ಕ ಕರದಿದ್ರು. ಒಲ್ಲೆ ಅಂದ್ನಿ. ತಪ್ಪ ಎಲ್ಲೈತಂತ ತಿಳೀಲಾರ್ದs ಮತ್ತೊಬ್ರದ್ದ ಯಾಕ ಕೆಡಸೂದು?"

ಆಗ ಹೇಳಬಹುದಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಹೇಳಿದ್ದು ಇಷ್ಟು: "ಹೋಗ್ಲಿ ಬಿಡವಾ, ಆದದ್ದಾತು. ಯಾರೂ ಮನಸಿನ್ಯಾಗ ಇಟಗೊಂಡಿಲ್ಲ."

ಎಂದರೆ, ನಾನು ಅವರನ್ನು ಕ್ಷಮಿಸಿದೆ. ಅವರು ಕಣ್ಣು ತುಂಬಿಕೊಂಡು "ದೊಡ್ಡ ಮನಸು ನಿಮ್ದು" ಎಂದರು. ಟವೆಲಿನ ಹಣ ತೆಗೆದುಕೊಳ್ಳಲಿಲ್ಲ. ಆ ಟವೆಲು ಇನ್ನೂ ಮಡಿಕೆ ಬಿಚ್ಚದೆ ಇದೆ.

ಕೆಲಸ ಬಿಡುವ ದಿನ ಸಾವ್ಕಾರರ ಮುಂದೆ ಎಲ್ಲ ಹೇಳಿದೆ. ಅವರು "ಹಳೇದಾತು ಬಿಡ್ರಿ ಕಾಕಾ" ಎಂದು ಶಾಲು ಹೊದಿಸಿದರು. ತೂಕದವನಿಗೂ ಹೇಳಿದೆ, ಅವನು ಎದ್ದು ಹೋದ. ಅವನೊಬ್ಬ ಸರಿಯಾದದ್ದನ್ನು ಮಾಡಿದ. ಮೂರೂ ಊರಿನವರಿಗೆ ಹೇಳಿದೆ, ದೇವರ ಮುಂದೆ ದಿನವೂ ಹೇಳುತ್ತೇನೆ. ಇವರೆಲ್ಲರಿಗೆ ಹೇಳುವುದು ಸುಲಭ, ಅವರಿಂದ ನಾನು ಏನನ್ನೂ ಕಸಿದುಕೊಂಡಿರಲಿಲ್ಲ. ತಮ್ಮ ರಿಪೋರ್ಟಿನಲ್ಲಿ ತಪ್ಪಿರಲಿಲ್ಲ, ತಮ್ಮ ಸಂಶಯವೇ ಸರಿಯಿತ್ತು ಎಂದು ಯಾರಿಗೆ ತಿಳಿಯಬೇಕಿತ್ತೋ ಅವರಿಗೆ ಮಾತ್ರ ಈವರೆಗೆ ಹೇಳಿಲ್ಲ, ಕ್ಷಮೆ ಕೇಳಿಲ್ಲ. ನನ್ನ ಮಾತನ್ನು ತಮ್ಮ ವಿದ್ಯೆಗಿಂತ ಹೆಚ್ಚು ನಂಬಿದ ಮುದ್ದೇಬಿಹಾಳದ ಆಪಾಗೆ.