ಪಾಸಾದ ನಮೂನಾ

ನಕಲು ತಡೆಯುವುದು ಹೇಗೆ ಎಂದು ಭಾಷಣ ಮಾಡಲು ನನ್ನನ್ನು ಈಗಲೂ ಆಗಾಗ ಕರೆಯುತ್ತಾರೆ. ನಿವೃತ್ತ ಮಾಸ್ತರ, ಮನೆಯಲ್ಲಿ ಖಾಲಿ ಕೂತಿದ್ದಾನೆ, ಒಂದು ಶಾಲು ಹೊದಿಸಿದರೆ ಆಯಿತು ಎಂಬ ಲೆಕ್ಕ ಅವರದು. ಕಳೆದ ಸಲ ಕರೆಯಲು ಬಂದವರು ಭಾಷಣವನ್ನೂ ತಾವೇ ಬರೆದು ತಂದಿದ್ದರು. "ನೀವು ಓದಿದರ ಸಾಕ್ರಿ ಸರ" ಅಂದರು. ಹೋದ ವರ್ಷ ಇನ್ನೊಬ್ಬರು ಓದಿದ ಭಾಷಣವಂತೆ ಅದು. ಚಹಾ ಕುಡಿಸಿ ಕಳಿಸಿದೆ. ಬೈದು ಕಳಿಸಬೇಕಿತ್ತು.

ನಾನು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದ ಕನ್ನಡ ವಿಭಾಗದಲ್ಲಿ ಪಾಠ ಹೇಳುತ್ತಿದ್ದದ್ದು ಎಪ್ಪತ್ತರ ದಶಕದ ಕೊನೆಗೆ. ಮನೆ ಶಹಾಬಾದಿನಲ್ಲಿ. ದಿನಾ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಬರುವುದು. ಎಂ.ಎ. ಕೊನೆಯ ವರ್ಷದಲ್ಲಿ ಪ್ರತಿ ವಿದ್ಯಾರ್ಥಿಯೂ ಯಾವುದಾದರೂ ಊರು ತಿರುಗಿ, ಕಂಡದ್ದು ಕೇಳಿದ್ದು ಬರೆದು, ಒಂದು ಕಿರುಪ್ರಬಂಧ ಒಪ್ಪಿಸಬೇಕು. ಕಾಗದದ ಮೇಲೆ ಭಾಳ ಚೆಂದದ ನಿಯಮ. ನಡೆಯುತ್ತಿದ್ದದ್ದೇ ಬೇರೆ. ಒಬ್ಬ ಸನ್ನತಿಯ ಮೇಲೆ ಬರೆದ, ಚೆನ್ನಾಗಿಯೇ ಬರೆದ. ಮರುವರ್ಷ ಇನ್ನೊಬ್ಬ ಅದನ್ನೇ ಊರ ಹೆಸರು ಬದಲಿಸಿ ಚಂದಾಪುರದ ಮೇಲೆ ಬರೆದ. ನಮ್ಮ ಭೀಮಾ ನದಿ ಸನ್ನತಿ ಬಿಟ್ಟು ಚಂದಾಪುರದ ಸಂತೆ ಪಕ್ಕದಲ್ಲಿ ಹರಿಯತೊಡಗಿತು. ನಾನು ಆ ಪುಟ ಹಿಡಿದುಕೊಂಡು ವಿಭಾಗದ ಮುಖ್ಯಸ್ಥರ ಕೋಣೆಗೆ ಓಡಿದೆ. ಅವರು ಕನ್ನಡಕ ಮೇಲೆ ಸರಿಸಿ ನೋಡಿ, "ಅಲ್ಲೂ ಯಾವುದೋ ಒಂದು ನೀರು ಹರೀತದಲ್ರಿ ಮಾಸ್ತರ್ರ, ಹೆಸರು ಒಂದು ತಿದ್ದಿಸಿಬಿಡ್ರಿ" ಅಂದರು.

ಮುಖ್ಯಸ್ಥರು ಕೆಟ್ಟವರಲ್ಲ. ಯಾರ ಮನೆಯಲ್ಲಿ ಮದುವೆಯಾದರೂ ಮೊದಲು ಹೋಗಿ ಪಂಕ್ತಿಯಲ್ಲಿ ಬಡಿಸಲು ನಿಲ್ಲುವವರು. ಆದರೆ ಅವರದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಧರ್ಮ. ಅಂಥವರ ಕೈಯಲ್ಲಿ ಕೋಲು ಕೊಟ್ಟಿದ್ದೇ ತಪ್ಪು.

ಆ ವರ್ಷ ನನ್ನ ಕೈಕೆಳಗೆ ಬರೆಯುತ್ತಿದ್ದವಳು ಒಬ್ಬ ಹೆಣ್ಣುಮಗಳು. ತವರು ವಾಡಿ, ಅಪ್ಪ ರೈಲ್ವೆಯಲ್ಲಿ ಕೆಲಸಕ್ಕಿದ್ದ. ಮದುವೆಯಾಗಿ ಸೇಡಂನ ಮನೆಗೆ ಹೋಗಿದ್ದಳು. ಮಾವನವರು ಓದಲು ಬಿಟ್ಟಿದ್ದರು, ಆದರೆ ಒಂದೇ ಕರಾರಿನ ಮೇಲೆ. ಅದನ್ನು ಅವಳೇ ನನಗೆ ಹೇಳಿದ್ದಳು: "ಈ ವರ್ಷ ಮುಗುದ್ರ ಮುಗೀತು ಸರ, ಇಲ್ಲಂದ್ರ ಒಲಿ ಮುಂದ ಕುಂದ್ರು ಅಂದಾರ." ಸೇಡಂನ ಒಂದು ಶಾಲೆಯವರು ಪಾಸಾಗಿ ಬಂದರೆ ನೌಕರಿ ಕೊಡುತ್ತೇವೆ ಎಂದೂ ಹೇಳಿದ್ದರು. ಅಂದರೆ ಅವಳಿಗೆ ಇದ್ದದ್ದು ಅದೊಂದೇ ವರ್ಷ. ನಪಾಸಾದರೆ ಮತ್ತೊಂದು ಸಲ ಎನ್ನುವ ಮಾತೇ ಇಲ್ಲ.

ಕುಂಚಾವರಂ ಕಡೆಯ ಹೆಂಗಸರ ಬೀಸುವ ಪದಗಳನ್ನು ಕೂಡಿಸುತ್ತೇನೆ ಅಂದಳು. ಅಡವಿಯ ನಡುವೆ ಅಲ್ಲೊಂದು ಇಲ್ಲೊಂದು ಮನೆ, ಅರ್ಧ ಮಾತು ತೆಲುಗು, ಬಸ್ಸು ಬಂದರೆ ಬಂತು. ಬೇಡವ್ವಾ, ಹತ್ತಿರದ್ದು ಏನಾದರೂ ಹಿಡಿ ಅಂದೆ. ಕೇಳಲಿಲ್ಲ. ಚಿಂಚೋಳಿಯಲ್ಲಿ ಸಂಬಂಧಿಕರ ಮನೆಯಲ್ಲಿ ಇಳಿದುಕೊಂಡು, ಅತ್ತಿಗೆಯನ್ನು ಜೊತೆಗೆ ಕರೆದುಕೊಂಡು, ಹಳ್ಳಿ ಹಳ್ಳಿ ತಿರುಗಿ ಬಂದಳು. ಬಂದಾಗ ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ಕೈಯಲ್ಲಿ ಎಂಥ ಪದಗಳು! ನಾನು ಅವನ್ನು ರೈಲಿನಲ್ಲಿ ಓದುತ್ತಾ ಒಂದು ದಿನ ಶಹಾಬಾದ್ ದಾಟಿ ವಾಡಿಗೆ ಹೋಗಿಬಿಟ್ಟೆ. ಹೆಂಡತಿಗೆ ರೈಲು ಲೇಟು ಎಂದು ಸುಳ್ಳು ಹೇಳಿದೆ.

ಇನ್ನು ಟೈಪು. ನಮ್ಮ ಸುತ್ತಮುತ್ತ ಕನ್ನಡ ಟೈಪ್‌ರೈಟರ್ ಇದ್ದದ್ದು ಶಹಾಬಾದಿನ ಸ್ಟೇಶನ್ ರಸ್ತೆಯ ಒಂದು ಅಂಗಡಿಯಲ್ಲಿ. ವಿದ್ಯಾರ್ಥಿಗಳೆಲ್ಲ ಅಲ್ಲಿಗೇ. ಇವಳೂ ಕೈಬರಹ ಅಲ್ಲಿಯೇ ಕೊಟ್ಟಳು. ಟೈಪಾದ ಮೇಲೆ ತಪ್ಪು ಹುಡುಕುತ್ತಾ ಕೂತಳು, ಕೆಲವು ಹಾಳೆ ಮತ್ತೆ ಹೊಡೆಸಿದಳು. ಅಷ್ಟರಲ್ಲಿ ಮುಖ್ಯಸ್ಥರ ಕೈಕೆಳಗಿನ ಒಬ್ಬ ಹುಡುಗ, ಚಿತ್ತಾಪುರದ ದೊಡ್ಡ ಮನೆತನದವನು, ತನ್ನ ಕಿರುಪ್ರಬಂಧವನ್ನು ಬೈಂಡ್ ಮಾಡಿಸಿ ಒಪ್ಪಿಸಿಬಿಟ್ಟ. ವಿಷಯ: ಕುಂಚಾವರಂ ಸೀಮೆಯ ಬೀಸುವ ಪದಗಳು.

ಇವಳದು ಬಂದ ದಿನ ಮುಖ್ಯಸ್ಥರು ನನ್ನನ್ನು ಕರೆಸಿದರು. "ನಿಮ್ಮ ಹುಡುಗಿ ನಮ್ಮ ಹುಡುಗನದು ಪೂರಾ ನಕಲು ಹೊಡದಾಳಲ್ರಿ, ಮಾಸ್ತರ್ರ" ಅಂದರು, ನೊಂದ ದನಿಯಲ್ಲಿ. ನಾನು ಹೌಹಾರಿದೆ.

"ಆಕಿ ಊರು ತಿರುಗಿ ಬಂದದ್ದು ನಾನೇ ನೋಡೀನಿ!"

"ನೀವು ಕುಂಚಾವರಂಕ್ಕ ಹೋಗಿದ್ರೇನು?"

"ಇಲ್ಲ."

"ಮತ್ತ? ಅವನದು ಮೊದಲ ಬಂದದ. ಅವನೇ ನಕಲು ಮಾಡ್ಯಾನ ಅಂಬೋದಕ್ಕ ಏನ್ ಪುರಾವೆ ಅದ ಹೇಳ್ರಿ."

ಮೊದಲು ಬಂದದ್ದೇ ಅಸಲು! ರೈಲಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನ ನ್ಯಾಯ. ಮೌಖಿಕ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರ ಮುಂದೆ ಇತ್ಯರ್ಥ ಮಾಡೋಣ, ನಕಲು ಅಂತ ಆದರೆ ಹುಡುಗಿ ಈ ವರ್ಷ ನಪಾಸು ಅಂದರು. ಹೊರಗೆ ಬಂದರೆ ಅವಳು ಕಂಬಕ್ಕೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಸಂಜೆ ರೈಲಿಳಿದವನು ನೆಟ್ಟಗೆ ಟೈಪಿನ ಅಂಗಡಿಗೆ ಹೋದೆ. ಟೈಪಿನವನು ಎದ್ದು ನಿಂತು, ಕುರ್ಚಿ ಒರೆಸಿ, "ಬರ್ರಿ ಸರ, ಕುಂದ್ರಿ" ಅಂದ. ನಾನು ಕೂರಲಿಲ್ಲ. ಕೇಳಿದ್ದಕ್ಕೆ ಏನೂ ಮುಚ್ಚಿಡದೆ ಹೇಳಿದ. ಯಾರದೇ ಪ್ರಬಂಧ ಬಂದರೂ ಕಾರ್ಬನ್ ಇಟ್ಟು ಒಂದು ಪ್ರತಿ ಜಾಸ್ತಿ ತೆಗೆಯುತ್ತಾನೆ. ಅದು ಅಂಗಡಿಯ ನಮೂನಾ. ಬರುವ ಹುಡುಗರಿಗೆ ಪ್ರಬಂಧ ಅಂದರೆ ಹೇಗಿರಬೇಕು ಎಂದು ಗೊತ್ತಿರುವುದಿಲ್ಲ, ತೋರಿಸಬೇಕಲ್ಲ. ಗೋಡೆಯ ಗೂಡಿನಲ್ಲಿ ವರ್ಷವಾರು ಜೋಡಿಸಿ ಇಟ್ಟಿದ್ದ, ಧೂಳು ಬೀಳದ ಹಾಗೆ ಮೇಲೆ ಬಟ್ಟೆ ಹೊದಿಸಿ. ನಮ್ಮ ಗ್ರಂಥಾಲಯದಲ್ಲೂ ಅಷ್ಟು ಅಚ್ಚುಕಟ್ಟು ಇರಲಿಲ್ಲ.

"ಚಿತ್ತಾಪುರದ ಸಾಹೇಬ್ರು ಬಂದ್ರು, ಈ ನಮೂನಾದಂಗೇ ಹೊಡೀರಿ ಅಂದ್ರು, ಹೊಡದೆ. ಟೇಲರ್ ಕಡೆ ಹೋದ್ರ ಅವನೂ ಒಂದು ಅಂಗಿ ತೋರಸ್ತಾನಲ್ರಿ ಸರ?"

"ಟೇಲರ್ ಒಬ್ಬರ ಅಂಗಿ ಬಿಚ್ಚಿ ಇನ್ನೊಬ್ಬರಿಗೆ ಹಾಕ್ತಾನೇನಪಾ?"

ನಕ್ಕ. ಬರೆದು ಕೊಡು ಅಂದರೆ ಮಾತ್ರ ಕೈ ಮುಗಿದ. ಅವನಿಗೆ ಎಲ್ಲರೂ ಗಿರಾಕಿಗಳೇ. ಅವಳ ಕೈಬರಹದ ಹಾಳೆಗಳೂ ಇರಲಿಲ್ಲ, ರದ್ದಿಗೆ ಹೋಗಿದ್ದವು. ನಮೂನಾ ಮಾತ್ರ ಭದ್ರ, ಅಸಲು ರದ್ದಿ. ಇದಕ್ಕಿಂತ ಚೆನ್ನಾಗಿ ನಮ್ಮ ವಿದ್ಯಾಕ್ಷೇತ್ರದ ಬಗ್ಗೆ ನಾನು ಯಾವ ಭಾಷಣದಲ್ಲೂ ಹೇಳಿಲ್ಲ.

ಮೌಖಿಕ ಪರೀಕ್ಷೆಯ ದಿನ ಬೆಳಗಿನ ರೈಲಿನಲ್ಲಿ ಎರಡೂ ಪ್ರಬಂಧಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಸಿಟ್ಟಿನಲ್ಲಿ ಓದಿದ್ದು ಒಳಗೆ ಇಳಿಯುವುದಿಲ್ಲ. ಇಷ್ಟು ದಿನ ನಾನೂ ಹಾಗೇ ಓದಿದ್ದೆ ಎಂದು ಕಾಣುತ್ತದೆ. ಅವತ್ತು ಹುಡುಗನ ಪ್ರಬಂಧದಲ್ಲಿ ಒಂದು ಪದ ಕಣ್ಣಿಗೆ ಬಿತ್ತು.

ವಾಡೀಯ ಮಗಳೀಗಿ ಉಡಿ ತುಂಬಿ ಕಳಿಸೇನ
ಬಾಡದ ಹೂವ ಮುಡಿಸೇನ | ಬರು ವರುಷ
ಆಡೂವ ಕಂದನ್ನ ಕರಕೊಂಡು ಬಾ

ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಜೋಳವನ್ನಾದರೂ ಸೆರಗಿಗೆ ಹಾಕಿ, ಬಾಯಿ ತುಂಬ ಹರಸಿ ಕಳಿಸಬೇಕು. ಹಾಡುವ ಮನೆಯಾದರೆ ಆ ಹರಕೆಯೂ ಹಾಡೇ, ಅವಳ ತವರಿನ ಹೆಸರು ಹಿಡಿದು. ನಮ್ಮವ್ವನೂ ಹಾಗೆ ಹಾಡಿ ಕಳಿಸುತ್ತಿದ್ದಳು. ಕುಂಚಾವರಂನ ಹೆಂಗಸರು ಮನೆ ಮನೆಯಲ್ಲೂ ಪದ ಹೇಳಿ ಮುಗಿಸಿ, ಕೊನೆಗೆ ಈ ವಾಡಿಯ ಮಗಳ ಉಡಿ ತುಂಬಿದ್ದರು. ಅವಳು ಒಂದಕ್ಷರ ಬಿಡದೆ ಬರೆದುಕೊಂಡಿದ್ದಳು. ಹುಡುಗನೂ ಒಂದಕ್ಷರ ಬಿಟ್ಟಿರಲಿಲ್ಲ. ಮೀಸೆ ಹೊತ್ತ ಆ ಗಂಡಸಿನ ಉಡಿಯನ್ನು ಅಧ್ಯಾಯಕ್ಕೊಮ್ಮೆ ತುಂಬಿ, ಹೂವು ಮುಡಿಸಿ, ಕೂಸು ಹಡೆಯಲು ಹರಸಿ ಕಳಿಸಿದ್ದರು. ನಾನು ಒಬ್ಬನೇ ಬಿದ್ದು ಬಿದ್ದು ನಕ್ಕೆ. ಎದುರು ಕೂತ ಮುದುಕ ತನ್ನ ಗಂಟು ಎತ್ತಿಕೊಂಡು ಬೇರೆ ಕಡೆ ಹೋಗಿ ಕೂತ.

ಪರೀಕ್ಷೆಯಲ್ಲಿ ನಾನು ಒಂದೇ ಕೆಲಸ ಮಾಡಿದೆ. ಆ ಪದಗಳನ್ನು ಗಟ್ಟಿಯಾಗಿ ಓದಪಾ ಎಂದು ಹುಡುಗನಿಗೆ ಹೇಳಿದೆ. ಓದಿದ, ರಾಗವಾಗಿಯೇ ಓದಿದ. ತಾನು ಒಪ್ಪಿಸಿದ್ದನ್ನು ಅವನು ಓದುತ್ತಿದ್ದದ್ದು ಅದೇ ಮೊದಲು. ಹೊರಗಿನ ಪರೀಕ್ಷಕರು ವಯಸ್ಸಾದವರು, ಹಳ್ಳಿಯ ಮನೆಯಿಂದ ಬಂದವರು. ತಲೆ ಎತ್ತಿದರು.

"ಈ ವಾಡಿಯ ಮಗಳು ಯಾರಪ್ಪಾ?"

"ನಾಯಕಿರಿ ಸರ. ಹಾಡಿನ ನಾಯಕಿ."

"ಕುಂಚಾವರಂದ ಅಡವಿಯೊಳಗಿನ ಹೆಂಗಸರಿಗೆ ವಾಡಿ ಯಾಕ ನೆನಪಾತು?"

ಹುಡುಗ ಸ್ವಲ್ಪ ಯೋಚಿಸಿ, "ವಾಡಿ ಭಾಳ ದೊಡ್ಡ ಜಂಕ್ಷನ್ ಅದಲ್ರಿ ಸರ" ಅಂದ.

ನಾನು ಬಾಗಿಲ ಹೊರಗೆ ನಿಂತಿದ್ದ ಹೆಣ್ಣುಮಗಳನ್ನು ಒಳಗೆ ಕರೆದೆ. ನಿನ್ನ ತವರು ಯಾವುದವ್ವಾ ಎಂದು ಪರೀಕ್ಷಕರು ಕೇಳಿದರು. "ವಾಡಿ ರಿ" ಅಂದಳು. ಯಾಕೆ ಕೇಳಿದರು ಎಂದು ಅವಳಿಗೆ ಗೊತ್ತಾಗಲಿಲ್ಲ. ಪರೀಕ್ಷಕರು ಹುಡುಗನ ಪ್ರಬಂಧ ಮುಚ್ಚಿ ಬದಿಗೆ ಸರಿಸಿದರು. ಬೇರೆ ಏನೂ ಕೇಳಬೇಕಾಗಲಿಲ್ಲ.

ಅವಳು ಪಾಸಾದಳು, ಒಳ್ಳೆಯ ಅಂಕ ಬಂತು. ಹುಡುಗನಿಗೆ ಏನಾಯಿತು? ಏನೂ ಆಗಲಿಲ್ಲ. "ಇಬ್ಬರೂ ನಮ್ಮ ಮಕ್ಕಳೇ ಅಲ್ರೀ, ಗದ್ದಲ ಯಾಕ" ಎಂದ ಮುಖ್ಯಸ್ಥರು, ಬೇರೆ ವಿಷಯದ ಮೇಲೆ ಮತ್ತೊಂದು ಬರೆದು ಕೊಡು ಎಂದು ಅವನಿಗೆ ಹೇಳಿದರು. ಅವನು ಕೊಟ್ಟ. ಅದು ಯಾರದ್ದೆಂದು ಹುಡುಕುವ ತ್ರಾಣ ನನಗಿರಲಿಲ್ಲ. ನಾನು ಕೂಗಾಡಿದ್ದಕ್ಕೆ ಒಂದು ನಿಯಮ ಮಾತ್ರ ಹುಟ್ಟಿತು: ಇನ್ನು ಮುಂದೆ ಪ್ರತಿ ಪ್ರಬಂಧದ ಮೊದಲ ಪುಟದಲ್ಲಿ, ಇದು ಯಾರದನ್ನೂ ನೋಡಿ ಬರೆದದ್ದಲ್ಲ ಎಂದು ವಿದ್ಯಾರ್ಥಿ ತನ್ನ ಸ್ವಂತ ಮಾತಿನಲ್ಲಿ ಬರೆದು ಸಹಿ ಮಾಡಬೇಕು. ಸ್ವಂತ ಮಾತು ಎಂಬುದನ್ನು ಸೇರಿಸಿದವನು ನಾನೇ. ಭಾರಿ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಆ ಪುಟವನ್ನು ಮೊದಲು ಬರೆದವಳು ಅವಳು. ಗ್ರಂಥಾಲಯಕ್ಕೆ ಹೋಗುವ ಪ್ರತಿಗೆ ಸೇರಿಸಲು ಟೈಪ್ ಮಾಡಿಸಿ ತಂದಳು. "ಈ ಪ್ರಬಂಧದಲ್ಲಿರುವುದು ನನ್ನದಲ್ಲ. ಕುಂಚಾವರಂ ಸೀಮೆಯ ತಾಯಂದಿರದು. ಅವರು ಹಾಡಿದರು, ನಾನು ಕೂತು ಕೇಳಿದೆ, ಕೇಳಿದ್ದನ್ನು ಬರೆದೆ." ಇಷ್ಟೇ. ನನಗೆ ಕಣ್ಣು ತೇವವಾಯಿತು. ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ಒಬ್ಬಳಾದರೂ ಸಿಕ್ಕಳಲ್ಲ ಎಂದು ಅವತ್ತು ಮನೆಗೆ ಜಿಲೇಬಿ ಒಯ್ದೆ.

ಮರುವರ್ಷದ ಪ್ರಬಂಧಗಳು ಬಂದವು. ಮೊದಲನೆಯದು ಶಹಾಬಾದ್ ಕಲ್ಲಿನ ಗಣಿಗಳ ಮೇಲೆ. ತೆರೆದರೆ ಮೊದಲ ಪುಟದಲ್ಲಿ: "ಈ ಪ್ರಬಂಧದಲ್ಲಿರುವುದು ನನ್ನದಲ್ಲ. ಕುಂಚಾವರಂ ಸೀಮೆಯ ತಾಯಂದಿರದು." ಎರಡನೆಯದು ಸನ್ನತಿಯ ಗುಡಿಯ ಮೇಲೆ. ಅಲ್ಲೂ ತಾಯಂದಿರು ಹಾಡಿದ್ದರು. ಮೂರನೆಯದು ಚಿತ್ತಾಪುರದ ಆಡುಮಾತಿನ ತತ್ಸಮ, ತದ್ಭವಗಳ ಮೇಲೆ. ಅದನ್ನೂ ಅವರೇ ಹಾಡಿದ್ದರು! ಕೆಳಗೆ ಎಲ್ಲರ ಸಹಿ, ಚೆಂದದ ಸಹಿ.

ಟೈಪಿನವನಿಗೆ ಕೇಳಿದರೆ, "ಎಲ್ಲಾರೂ ಇದೇ ಬೇಕು ಅಂತಾರ ಸರ. ಪಾಸಾದ ನಮೂನಾ ಅದ" ಅಂದ.

ಆ ವಾರವೇ ವಾಡಿ ಸ್ಟೇಶನ್ನಿನಲ್ಲಿ ಅವಳು ಸಿಕ್ಕಳು. ಶಾಲೆಯಲ್ಲಿ ಕೆಲಸಕ್ಕೆ ಸೇರಿ ವರ್ಷವಾಗುತ್ತಾ ಬಂದಿತ್ತು, ರಜೆಗೆ ತವರಿಗೆ ಬಂದಿದ್ದಳು, ಕಂಕುಳಲ್ಲಿ ಒಂದು ಕೂಸು. ಹರಕೆ ಸರಿಯಾದ ಉಡಿಗೇ ಬಿದ್ದಿತ್ತು. ನಾನು ನಿಂತಲ್ಲೇ ನಡೆದದ್ದೆಲ್ಲ ಹೇಳಿ, ಮುಖ್ಯಸ್ಥರನ್ನು ಬೈದು, ಟೈಪಿನವನನ್ನು ಬೈದು, ನಿನ್ನ ಪುಟವನ್ನೂ ಕದ್ದರಲ್ಲವ್ವಾ ಎಂದು ಹಲುಬಿದೆ. ಅವಳು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಪೂರಾ ಕೇಳಿದಳು.

"ಇರಲಿ ಬಿಡ್ರಿ ಸರ" ಅಂದಳು. "ನನ್ನದಲ್ಲ ಅಂತ ಎಲ್ಲಾರೂ ಬರೆದು ಸಹಿ ಮಾಡ್ಯಾರಲ್ಲ. ಇಷ್ಟು ಖರೇ ಮಾತು ನಿಮ್ಮ ವಿಭಾಗದಾಗ ಯಾವತ್ತಾರ ಯಾರಾರ ಬರೆದಿದ್ರೇನು?"