ಒಳಗೆ ಮಡಚಿದ ಬಟ್ಟೆ
ಶಿಕಾರಿಪುರದ ಟೈಲರ್ ದಸ್ತಗೀರ್ ಸಾಬರಿಗೆ ಅರ್ಧ ಹೊಲಿಗೆಯಲ್ಲಿ ಏಳುವುದೇ ಕಸುಬು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿರುವ ಎಂಬತ್ತೆಂಟರ ತಾಯಿ ಕೆಮ್ಮಿದರೆ ಸಾಕು, ಟೇಪನ್ನು ಗಿರಾಕಿಯ ಕೊರಳಲ್ಲೇ ಬಿಟ್ಟು ಓಡುತ್ತಾರೆ. ಗಂಜಿ ಕುಡಿಸಿ, ಮಗ್ಗುಲು ಹೊರಳಿಸಿ ಬರುವಷ್ಟರಲ್ಲಿ ಅಳತೆ ಮರೆತಿರುತ್ತದೆ. ಹಾಗಾಗಿ ಊರಿನ ಅರ್ಧ ಪ್ಯಾಂಟುಗಳಿಗೆ ಒಂದು ಕಾಲು ಗಿಡ್ಡ. ಕೇಳಿದರೆ, "ಸೊಲ್ಪ ಅಡ್ಜಸ್ಟ್ ಮಾಡ್ಕಳ್ರೀ, ನನಗೂ ಸಾಕಾಗೈತೆ" ಎನ್ನುತ್ತಾರೆ. ತಾಯಿಯ ರವಿಕೆಯ ಅಳತೆ ಮಾತ್ರ ತಪ್ಪುವುದಿಲ್ಲ. ಆಕೆಯ ಮೈ ಇಳಿದಂತೆಲ್ಲ ತಿಂಗಳಿಗೊಮ್ಮೆ ಬಿಗಿ ಮಾಡುತ್ತಾರೆ. ಮಿಕ್ಕ ಬಟ್ಟೆಯನ್ನು ಕತ್ತರಿಸದೆ, ಬೆಳೆಯುವ ಮಕ್ಕಳ ಅಂಗಿಯಲ್ಲಿ ಬಿಡುವ ಹಾಗೆ ಒಳಗೇ ಮಡಚಿ ಹೊಲಿಯುತ್ತಾರೆ. ಈಗ ರವಿಕೆಯಲ್ಲಿ ಹೊರಗೆ ಕಾಣುವುದಕ್ಕಿಂತ ಒಳಗೆ ಮಡಚಿದ್ದೇ ಹೆಚ್ಚಾಗಿದೆ. ಪ್ಯಾಂಟು ಹೊಲಿಸಲು ಹೋಗಿದ್ದ ನಾನು, "ಅಷ್ಟನ್ನ ಕತ್ತರಿಸಬಾರ್ದಾ ಸಾಬ್ರೆ?" ಎಂದೆ. ಕತ್ತರಿ ಬದಿಗಿಟ್ಟು ನನ್ನನ್ನೇ ನೋಡಿದರು: "ನಾಳೆ ಅಮ್ಮ ಮೈಕೈ ತುಂಬ್ಕೊಂಡ್ರೆ, ಬಿಚ್ಚಾಕೆ ಬಟ್ಟೆ ಬ್ಯಾಡೇನ್ರೀ?"